ಬೆಟ್ಟದ ಮಂಜು ಫೋಟೋದಲ್ಲಿ ಸರಿಯಾಗಿ ಬರ್ತಿಲ್ವಾ? ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ನಂದಿ ಬೆಟ್ಟದ ಮೇಲೆ ಮೂರು ಗಂಟೆ ಕಾದು ನಿಂತಿದ್ದೆ. ಮಂಜು ಬಂತು, ಹೋಯ್ತು, ಮತ್ತೆ ಬಂತು. ಇನ್ನೂರಕ್ಕೂ ಜಾಸ್ತಿ ಫೋಟೋ ತೆಗೆದೆ. ಚಿಕ್ಕಬಳ್ಳಾಪುರಕ್ಕೆ ವಾಪಸ್ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಎಲ್ಲವೂ ಹಾಲು ಚೆಲ್ಲಿದ ಹಾಗಿದ್ದವು. ಇವತ್ತು ಮಂಜು ಜಾಸ್ತಿ ಇತ್ತು, ಅದಕ್ಕೇ ಹೀಗೆ ಅಂದುಕೊಂಡೆ.

ಸಂಜೆ ಜೊತೆಗೆ ಬಂದಿದ್ದ ಗೆಳೆಯ ತನ್ನ ಮೊಬೈಲಿನ ಫೋಟೋ ಕಳಿಸಿದ. ಅದೇ ಜಾಗ, ಅದೇ ಹೊತ್ತು. ಅವನ ಫೋಟೋದಲ್ಲಿ ಕೋಟೆ ಗೋಡೆಯ ಕಲ್ಲು ಕಲ್ಲಿನ ಹಾಗೇ ಇತ್ತು. ಅದರ ಮೇಲಿನ ಪಾಚಿ ಹಸಿರಾಗಿತ್ತು. ಹಿಂದಿನ ಬೆಟ್ಟ ಮಾತ್ರ ಮಸುಕಾಗಿತ್ತು. ನನ್ನ ಫೋಟೋದಲ್ಲಿ ಗೋಡೆಯೂ ಮಸುಕು, ಬೆಟ್ಟವೂ ಮಸುಕು.

ಆ ಗೋಡೆ ನನ್ನಿಂದ ಮೂರು ಅಡಿ ದೂರದಲ್ಲಿತ್ತು. ನಂದಿಯ ಮಂಜು ಎಷ್ಟೇ ದಟ್ಟವಾಗಿದ್ದರೂ ಮೂರು ಅಡಿಯ ಕಲ್ಲನ್ನು ಮುಚ್ಚುವುದಿಲ್ಲ. ಬೆಟ್ಟದ ಮೇಲೆ ಮಂಜು ಇದ್ದದ್ದು ನಿಜ. ಅದರ ಜೊತೆಗೆ ನನ್ನ ಲೆನ್ಸಿಗೂ ಹಬೆ ಹಿಡಿದಿತ್ತು. ಮೂರು ಗಂಟೆ ಅದನ್ನು ನೋಡಲೇ ಇಲ್ಲ.

ಆವತ್ತಿನಿಂದ ಮಂಜಿನ ಫೋಟೋ ಕೆಟ್ಟರೆ ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಮಸುಕು ಎಲ್ಲಿದೆ? ಗಾಳಿಯಲ್ಲಿದೆಯಾ, ಗಾಜಿನ ಮೇಲಿದೆಯಾ, ಕ್ಯಾಮೆರಾದ ಸೆಟ್ಟಿಂಗಿನಲ್ಲಿದೆಯಾ? ಮೂರೂ ಫೋಟೋದಲ್ಲಿ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಮಾಡಬೇಕಾದ ಕೆಲಸ ಮಾತ್ರ ಮೂರಕ್ಕೂ ಬೇರೆ ಬೇರೆ.

ಮೊದಲು ಟಿಕೆಟ್ ಪರೀಕ್ಷೆ

ನಂದಿಗೆ ಬಂದವರ ಜೇಬಿನಲ್ಲಿ ಪ್ರವೇಶದ ಟಿಕೆಟ್ಟೋ ಪಾರ್ಕಿಂಗ್ ಚೀಟಿಯೋ ಇದ್ದೇ ಇರುತ್ತೆ. ಅದನ್ನು ಮೂರು ಅಡಿ ದೂರದ ಕಲ್ಲಿನ ಮೇಲಿಟ್ಟು, ಗಾಳಿಗೆ ಹಾರದ ಹಾಗೆ ಒಂದು ಪುಟ್ಟ ಕಲ್ಲು ಹೇರಿ ಒಂದು ಫೋಟೋ ತೆಗೆಯಿರಿ. ಪರದೆಯ ಮೇಲೆ ದೊಡ್ಡದು ಮಾಡಿ ಅಕ್ಷರ ನೋಡಿ. ಅಕ್ಷರ ಕಪ್ಪಗಿದ್ದು ಕಾಗದ ಬೆಳ್ಳಗಿದ್ದರೆ ಗಾಜು ಸರಿಯಾಗಿದೆ, ಮಸುಕು ಗಾಳಿಯದು. ಅಕ್ಷರ ಬೂದು ಬಣ್ಣಕ್ಕೆ ತಿರುಗಿ, ಅಂಚಿನ ಸುತ್ತ ಬೆಳಕು ಹರಡಿದ ಹಾಗಿದ್ದರೆ ಗಾಜಿನ ಮೇಲೆ ಹಬೆ ಕೂತಿದೆ. ಕಾಗದವೇ ಬೂದಿ ಬಳಿದ ಹಾಗಿದ್ದು ಅಕ್ಷರ ಮಾತ್ರ ಚೂಪಾಗಿ, ಕಪ್ಪಾಗಿ ಇದ್ದರೆ ಅದು ಎಕ್ಸ್‌ಪೋಶರ್ ಕಡಿಮೆ ಬಿದ್ದ, ಅಂದರೆ ಕ್ಯಾಮೆರಾಕ್ಕೆ ಬೆಳಕು ಸಾಲದೆ ಹೋದ ಲಕ್ಷಣ.

ಇದು ಯಾಕೆ ಕೆಲಸ ಮಾಡುತ್ತೆ ಅಂದ್ರೆ, ಗಾಳಿಯ ಮಂಜಿಗೆ ದೂರದ ಲೆಕ್ಕ ಇರುತ್ತೆ. ಹತ್ತಿರದ್ದು ಸ್ಪಷ್ಟ, ಸ್ವಲ್ಪ ದೂರದ್ದು ಮಸುಕು, ಇನ್ನೂ ದೂರದ್ದು ಮಾಯ. ಹವಾಮಾನದವರ ಲೆಕ್ಕದಲ್ಲಿ 1 ಕಿ.ಮೀ.ಗಿಂತ ಕಡಿಮೆ ದೂರ ಕಂಡರೆ ಮಾತ್ರ ಅದು ಮಂಜು (ಫಾಗ್). ಅದಕ್ಕಿಂತ ಜಾಸ್ತಿ ಕಂಡರೆ ಬರೀ ತೆಳು ಮಂಜು (ಮಿಸ್ಟ್). ಗಾಜಿನ ಮೇಲಿನ ಹಬೆಗೆ ಈ ದೂರದ ಲೆಕ್ಕ ಇಲ್ಲ. ಮೂರು ಅಡಿಯ ಟಿಕೆಟ್ಟನ್ನೂ, ಐದು ಕಿ.ಮೀ. ಆಚೆಯ ಸ್ಕಂದಗಿರಿ ಬೆಟ್ಟವನ್ನೂ ಒಂದೇ ಸಮ ಮಸುಕು ಮಾಡುತ್ತೆ.

ರಾತ್ರಿ ಕತ್ತಲೆಯಲ್ಲಾದರೆ ಇನ್ನೂ ಸುಲಭದ ಗುರುತಿದೆ. ಕೆಳಗಿನ ಊರಿನ ಬೀದಿ ದೀಪದ ಫೋಟೋ ತೆಗೆಯಿರಿ. ಪ್ರತಿ ದೀಪದ ಸುತ್ತಲೂ ದುಂಡನೆಯ ಬೆಳಕಿನ ಚೆಂಡು ಬಂದಿದೆ, ಆದರೆ ಕಣ್ಣಿಗೆ ದೀಪ ಚುಕ್ಕಿಯ ಹಾಗೆ ಚೂಪಾಗಿ ಕಾಣುತ್ತಿದೆ ಅಂದರೆ ಅನುಮಾನವೇ ಬೇಡ, ಲೆನ್ಸ್ ಒರೆಸುವ ಹೊತ್ತು.

ಗಾಜಿಗೆ ಹಬೆ ಹಿಡಿದಿದ್ದರೆ

ಹಬೆ ಕೂರಲು ಕಾರಣ ಒಂದೇ. ಸುತ್ತಲಿನ ಗಾಳಿಯ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯಲ್ಲಿನ ಆವಿ ನೀರಾಗಿ ಕೂರಲು ಶುರುವಾಗುವ ಉಷ್ಣತೆಗಿಂತ, ಗಾಜು ತಣ್ಣಗಿರುತ್ತೆ. ಫ್ರಿಜ್ಜಿನಿಂದ ತೆಗೆದ ಚೊಂಬಿನ ಮೇಲೆ ನೀರು ಕೂರುವ ಹಾಗೆ. ಹಾಗಾದರೆ ಲೆನ್ಸ್ ಯಾಕೆ ತಣ್ಣಗಾಯ್ತು ಅಂತ ಹುಡುಕಬೇಕು. ನಮ್ಮ ಬೆಟ್ಟಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಎರಡು ದಾರಿ.

ಒಂದು, ಕಾರಿನ ಏಸಿ. ನನಗಾಗಿದ್ದು ಇದೇ. ಮಳೆಗಾಲದಲ್ಲಿ ಬೆಟ್ಟ ಹತ್ತುವಾಗ ಕಾರಿನ ಮುಂದಿನ ಗಾಜು ಮುಸುಕುತ್ತೆ ಅಂತ ಏಸಿ ಜೋರಾಗಿ ಹಾಕಿದ್ದೆ. ಕ್ಯಾಮೆರಾ ಬ್ಯಾಗು ಬಾಯಿ ತೆರೆದುಕೊಂಡು ಪಕ್ಕದ ಸೀಟಿನ ಮೇಲೆ, ಏಸಿ ಗಾಳಿಗೆ ನೇರವಾಗಿ ಕೂತಿತ್ತು. ಅರ್ಧ ಗಂಟೆಯಲ್ಲಿ ಲೆನ್ಸ್ ಚೆನ್ನಾಗಿ ತಣ್ಣಗಾಗಿತ್ತು. ಮೇಲೆ ಬಾಗಿಲು ತೆಗೆದರೆ ಹೊರಗೆ ನೀರು ತುಂಬಿದ ಗಾಳಿ. ಲೆನ್ಸಿನ ಮುಚ್ಚಳ ತೆಗೆದ ಕೂಡಲೇ ಹಬೆ ಕೂತಿರಬೇಕು. ಆಗ ನೋಡಿ ಒರೆಸಿದ್ದರೂ ಮತ್ತೆ ಕೂರುತ್ತಿತ್ತು. ಗಾಜು ಇನ್ನೂ ತಣ್ಣಗಿದ್ದಾಗ ಎಷ್ಟು ಒರೆಸಿದರೂ ಹಾಗೇ ಆಗುವುದು.

ಇದಕ್ಕೆ ಮದ್ದು ಕಾಯುವುದೇ. ಬ್ಯಾಗಿನ ಜಿಪ್ ಪೂರ್ತಿ ಮುಚ್ಚಿ, ಬ್ಯಾಗನ್ನು ಹೊರಗಿಟ್ಟು, ಅರ್ಧ ಗಂಟೆ ಬಿಡಿ. ದೊಡ್ಡ ಲೆನ್ಸಾದರೆ ಇನ್ನೂ ಸ್ವಲ್ಪ ಜಾಸ್ತಿ. ಕ್ಯಾಮೆರಾವನ್ನು ಮನೆಯಲ್ಲೇ ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಒತ್ತಿ ಮುಚ್ಚಿಕೊಂಡು ಬಂದರೆ ಇನ್ನೂ ಒಳ್ಳೆಯದು. ಆಗ ನೀರು ಚೀಲದ ಹೊರಗೆ ಕೂರುತ್ತೆ, ಗಾಜಿನ ಮೇಲಲ್ಲ. ಬೆಟ್ಟದ ಬುಡದಿಂದಲೇ ಏಸಿ ಆರಿಸಿ ಕಿಟಕಿ ಇಳಿಸಿಕೊಂಡು ಹೋಗಿ. ಭೋಗನಂದೀಶ್ವರ ದೇವಸ್ಥಾನ ದಾಟುವ ಹೊತ್ತಿಗೆ ಏಸಿ ಆರಿಸುವುದು ಈಗ ನನಗೆ ಅಭ್ಯಾಸವಾಗಿದೆ.

ಎರಡನೆಯ ದಾರಿ ಚಳಿಗಾಲದ್ದು. ಡಿಸೆಂಬರ್, ಜನವರಿಯಲ್ಲಿ ಆಕಾಶ ಶುಭ್ರವಾಗಿರುತ್ತೆ. ಲೆನ್ಸಿನ ಮುಂದಿನ ಗಾಜು ತೆರೆದ ಆಕಾಶಕ್ಕೆ ಮುಖ ಮಾಡಿದರೆ ತನ್ನ ಶಾಖವನ್ನು ಬಿಟ್ಟುಕೊಡುತ್ತಾ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತೆ. ಹುಲ್ಲಿನ ಮೇಲೆ ಇಬ್ಬನಿ ಕೂರುವುದೂ ಹೀಗೇ. ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟು ಗಂಟೆಗಟ್ಟಲೆ ಟೈಮ್‌ಲ್ಯಾಪ್ಸ್ (ಸ್ವಲ್ಪ ಸ್ವಲ್ಪ ಹೊತ್ತಿಗೆ ಒಂದೊಂದು ಫೋಟೋ) ತೆಗೆಯುವವರಿಗೆ ಈ ತೊಂದರೆ ಜಾಸ್ತಿ. ಮೊದಲ ನೂರು ಫೋಟೋ ಸರಿ ಇರುತ್ತೆ, ಆಮೇಲಿನದು ನಿಧಾನವಾಗಿ ಮಸುಕಾಗುತ್ತಾ ಹೋಗುತ್ತೆ. ಹಾಗಾಗಿದ್ದರೆ ಕಾರಣ ಇದೇ. ಲೆನ್ಸ್ ಹುಡ್ (ಲೆನ್ಸಿನ ಮುಂದೆ ಸಿಕ್ಕಿಸುವ ಕೊಳವೆ) ಹಾಕಿ. ಅದು ಬಿಸಿಲಿಗಷ್ಟೇ ಅಲ್ಲ, ಗಾಜು ಬೇಗ ತಣ್ಣಗಾಗದ ಹಾಗೂ ನೋಡಿಕೊಳ್ಳುತ್ತೆ. ಪವರ್ ಬ್ಯಾಂಕಿಗೆ ಹಾಕುವ ಲೆನ್ಸ್ ಹೀಟರ್ ಪಟ್ಟಿಗಳು ಸಿಗುತ್ತವೆ. ಟೈಮ್‌ಲ್ಯಾಪ್ಸ್ ಮಾಡುವವರು ಒಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಗಾಜು ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿದ್ದರೆ ಸಾಕು, ಹಬೆ ಹತ್ತಿರ ಸುಳಿಯುವುದಿಲ್ಲ.

ಫಿಲ್ಟರ್ ಹಾಕಿದ್ದರೆ ಇನ್ನೊಂದು ಮಾತು. ಮುಂದಿನ ಗಾಜು ಒರೆಸಿದ ಮೇಲೂ ಟಿಕೆಟ್ಟಿನ ಅಕ್ಷರ ಬೂದಾಗೇ ಇದ್ದರೆ ಫಿಲ್ಟರಿಗೂ ಲೆನ್ಸಿಗೂ ನಡುವೆ ಹಬೆ ಸೇರಿಕೊಂಡಿರಬಹುದು. ಮೊಬೈಲಿನ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ. ಹಬೆ ಇದ್ದರೆ ಹಾಲಿನ ಕೆನೆಯ ಹಾಗೆ ಕಾಣುತ್ತೆ. ಫಿಲ್ಟರ್ ಬಿಚ್ಚಿ, ಎರಡೂ ಗಾಜನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಮಂಜಿನೊಳಗೆ ನಿಂತು ಅದನ್ನು ಮತ್ತೆ ಹಾಕಬೇಡಿ, ಒದ್ದೆ ಗಾಳಿಯನ್ನೇ ಒಳಗೆ ಮುಚ್ಚಿಟ್ಟ ಹಾಗಾಗುತ್ತೆ. ಅಂಗಿಯ ಅಂಚಿನಿಂದ ಒರೆಸುವುದಂತೂ ಬೇಡವೇ ಬೇಡ. ಬೆಟ್ಟದ ಧೂಳು ಅಂದರೆ ಕಲ್ಲಿನ ಪುಡಿ, ಗಾಜಿಗೆ ಗೀರು ಬೀಳುತ್ತೆ.

ಮೊಬೈಲಿಗೆ ಈ ಹಬೆಯ ಕಾಟ ಕಡಿಮೆ, ಜೇಬಿನಲ್ಲಿ ಬೆಚ್ಚಗಿರುತ್ತೆ ಅಲ್ವಾ. ಅದರ ಗಾಜಿನ ಮೇಲೆ ಕೂರುವುದು ಬೆರಳಿನ ಜಿಡ್ಡು. ದೀಪದಿಂದ ಒಂದೇ ದಿಕ್ಕಿಗೆ ಗೆರೆ ಎಳೆದ ಹಾಗೆ ಬೆಳಕು ಬಂದಿದ್ದರೆ ಅದು ಜಿಡ್ಡು.

ಗಾಜು ಸರಿಯಿದೆ, ಆದರೂ ಫೋಟೋ ಬೂದಿ ಬೂದಿ

ಕಣ್ಣಿಗೆ ಮಂಜು ಹತ್ತಿಯ ಹಾಗೆ ಬೆಳ್ಳಗಿತ್ತು, ಫೋಟೋದಲ್ಲಿ ಸಿಮೆಂಟಿನ ಹಾಗಿದೆ. ಇದು ಕ್ಯಾಮೆರಾದ ಲೆಕ್ಕಾಚಾರದ ತಪ್ಪು. ಕ್ಯಾಮೆರಾದೊಳಗಿನ ಮೀಟರ್ ಎದುರಿಗಿರುವ ದೃಶ್ಯವೆಲ್ಲ ಸರಾಸರಿ ನಡು ಬೂದು ಬಣ್ಣದ್ದು ಅಂತ ನಂಬಿ ಬೆಳಕು ಅಳೆಯುತ್ತೆ. ಹಸಿರು ಹೊಲಕ್ಕೆ ಅದು ಸರಿ. ಬಿಳಿ ಪಂಚೆಯನ್ನೇ ಚೌಕಟ್ಟಿನ ತುಂಬ ತುಂಬಿದರೆ ಕೊಳೆ ಪಂಚೆಯ ಹಾಗೆ ಬರುತ್ತೆ. ಮಂಜಿಗೂ ಅದೇ ಗತಿ.

ಪ್ಲಸ್, ಮೈನಸ್ ಗುರುತಿರುವ ಎಕ್ಸ್‌ಪೋಶರ್ ಗುಂಡಿ ಒತ್ತಿ +0.7 ರಿಂದ +1.3 ರವರೆಗೆ ಏರಿಸಿ. ನಾನು +1 ರಿಂದ ಶುರು ಮಾಡುತ್ತೇನೆ. ಮೊಬೈಲಿನಲ್ಲಾದರೆ ಪರದೆಯನ್ನು ಒತ್ತಿ ಹಿಡಿದು, ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ.

ಇದನ್ನು ಕಣ್ಣು ಮುಚ್ಚಿ ಎಲ್ಲ ಕಡೆಗೂ ಹಚ್ಚಬೇಡಿ. ಮಂಜಿನ ಹನಿಗಳು ಬೆಳಕನ್ನು ಬಹುಪಾಲು ಮುಂದಕ್ಕೇ ಚದುರಿಸುತ್ತವೆ. ಅದಕ್ಕೇ ಸೂರ್ಯನ ಕಡೆ ನೋಡಿದಾಗ ಅದೇ ಮಂಜು ಹಲವು ಪಟ್ಟು ಜಾಸ್ತಿ ಹೊಳೆಯುತ್ತೆ. ಕೋಲಾರದ ಅಂತರಗಂಗೆ ಬೆಟ್ಟದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತೆ. ಊರು ಬೆಟ್ಟದ ಪೂರ್ವಕ್ಕಿದೆ. ಬೆಳಿಗ್ಗೆ ಊರಿನ ಮೇಲಿನ ಮಂಜನ್ನು ತೆಗೆಯಬೇಕೆಂದರೆ ಸೂರ್ಯನಿಗೇ ಎದುರಾಗಿ ನಿಲ್ಲಬೇಕು. ಅಲ್ಲಿ +1 ಇಟ್ಟರೆ ನಡುವಿನ ಮಂಜು ಸುಣ್ಣ ಬಳಿದ ಗೋಡೆಯಾಗುತ್ತೆ, ಒಳಗಿನ ಪದರ ಒಂದೂ ಉಳಿಯುವುದಿಲ್ಲ. ಸೂರ್ಯ ಚೌಕಟ್ಟಿನೊಳಗೆ ಅಥವಾ ಅಂಚಿನಲ್ಲಿದ್ದರೆ ಸೊನ್ನೆಗೆ ಇಳಿಸಿ, ಬೇಕಾದರೆ ಇನ್ನೂ ಕೆಳಗೆ. ನಂದಿಯಿಂದ ಸ್ಕಂದಗಿರಿ ನೇರ ಉತ್ತರಕ್ಕಿದೆ, ಸೂರ್ಯ ಬಲಗಡೆಯಿಂದ ಬರುತ್ತಾನೆ. ಪಕ್ಕದಿಂದ ಬಿದ್ದ ಬೆಳಕಿನಲ್ಲಿ ಮಂಜಿನ ಉಬ್ಬು ತಗ್ಗು ಎದ್ದು ಕಾಣುತ್ತೆ. ಕಲಿಯುವವರಿಗೆ ನಾನು ಮೊದಲು ತೋರಿಸುವ ದಿಕ್ಕು ಅದು.

ಸರಿಯಾಗಿದೆಯಾ ಅಂತ ತಿಳಿಯಲು ಹಿಸ್ಟೋಗ್ರಾಮ್ ನೋಡಿ, ಅಂದರೆ ಫೋಟೋದಲ್ಲಿ ಕಪ್ಪೆಷ್ಟು ಬಿಳಿಯೆಷ್ಟು ಅಂತ ಎಡದಿಂದ ಬಲಕ್ಕೆ ತೋರಿಸುವ ನಕ್ಷೆ. ಪರದೆ ಕತ್ತಲಲ್ಲಿ ಜಾಸ್ತಿ ಬೆಳಗಿ ಮೋಸ ಮಾಡುತ್ತೆ. ಮಂಜಿನ ಹಿಸ್ಟೋಗ್ರಾಮ್ ನಡುವೆ ಒಂದು ಕಿರಿದಾದ ಗುಡ್ಡದ ಹಾಗಿರುತ್ತೆ. ಅದು ದೋಷವಲ್ಲ, ಮಂಜಿನಲ್ಲಿ ಕಪ್ಪೂ ಇಲ್ಲ, ಅಚ್ಚ ಬಿಳಿಯೂ ಇಲ್ಲ. ಆ ಗುಡ್ಡ ನಡುವಿನಿಂದ ಬಲಕ್ಕೆ ಸರಿದಿರಬೇಕು, ಬಲ ಗೋಡೆಗೆ ತಾಗಿರಬಾರದು.

ಇಲ್ಲೇ ಇನ್ನೊಂದು ದೋಷ ಸೇರಿಸಿ ಹೇಳುತ್ತೇನೆ. ಮನೆಯಲ್ಲಿ ಕಾಂಟ್ರಾಸ್ಟ್ ಏರಿಸಿದಾಗ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆಗಳು ಬರುತ್ತವಾ? ನೀವು ಜೆಪೆಗ್, ಅಂದರೆ ಕ್ಯಾಮೆರಾವೇ ಕುಗ್ಗಿಸಿ ಕೊಡುವ ಫೈಲು, ತೆಗೆದಿದ್ದೀರಿ ಅಂತ ಅರ್ಥ. ಜೆಪೆಗ್ಗಿನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಮಂಜು ಅದರಲ್ಲಿ ಸಣ್ಣದೊಂದು ಭಾಗವನ್ನಷ್ಟೇ ಬಳಸುತ್ತೆ, ಅದನ್ನು ಎಳೆದು ಹಿಗ್ಗಿಸಿದರೆ ಸಂದು ಕಾಣುತ್ತೆ. ಸೆನ್ಸರ್ ಕಂಡದ್ದನ್ನು ಕುಗ್ಗಿಸದೆ ಹಾಗೇ ಇಡುವ 14 ಬಿಟ್ಟಿನ ರಾ ಫೈಲಿನಲ್ಲಿ 16,384 ಮೆಟ್ಟಿಲು ಇರುತ್ತೆ. ಮಂಜಿಗೆ ರಾ ಬೇಕೇ ಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಮಂಜು ನೀಲಿಯಾಗಿ ಬಂದಿದ್ದರೂ ರಾ ಇದ್ದರೆ ಆಮೇಲೆ ಸರಿ ಮಾಡಬಹುದು. ನಾನಂತೂ ಸೂರ್ಯ ಹುಟ್ಟುವ ಮೊದಲಿನ ನೀಲಿಯನ್ನು ತೆಗೆದುಹಾಕುವುದಿಲ್ಲ. ಆ ಹೊತ್ತಿಗೆ ಬೆಟ್ಟ ನಿಜವಾಗಿಯೂ ನೀಲಿಯಾಗೇ ಇರುತ್ತೆ.

ಫೋಕಸ್ ಸಿಗದೆ ಲೆನ್ಸ್ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದರೆ

ಕ್ಯಾಮೆರಾ ಕೆಟ್ಟಿಲ್ಲ, ಗಾಬರಿ ಬೇಡ. ಆಟೋಫೋಕಸ್ಸಿಗೆ ಹಿಡಿದುಕೊಳ್ಳಲು ಒಂದು ಗೆರೆ ಬೇಕು, ಕಪ್ಪಿನ ಪಕ್ಕ ಬಿಳಿ ಬೇಕು. ಬರೀ ಮಂಜಿನಲ್ಲಿ ಅದು ಏನನ್ನು ಹಿಡಿಯಬೇಕು? ಒಂದೇ ಚುಕ್ಕಿಯ ಫೋಕಸ್ ಆಯ್ದುಕೊಂಡು ಬಂಡೆಯ ಅಂಚಿಗೋ, ಮರದ ಕೊಂಬೆಗೋ ಇಡಿ. ಸಿಕ್ಕಿತು ಅಂದ ಕೂಡಲೇ ಮ್ಯಾನುಯಲ್ಲಿಗೆ ಹಾಕಿ ಬಿಟ್ಟುಬಿಡಿ. ಮತ್ತೆ ಮುಟ್ಟಬೇಡಿ.

ಏನೂ ಕಾಣದಷ್ಟು ಮಂಜಿದ್ದರೆ ಲೆಕ್ಕ ಹಿಡಿದು ಇಡಬಹುದು. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸನ್ನು ಎಫ್ 8ಕ್ಕೆ (ಬೆಳಕು ಒಳಗೆ ಬರುವ ಕಿಂಡಿಯ ಅಳತೆ) ಇಟ್ಟು, ಸುಮಾರು ಎರಡೂವರೆ ಮೀಟರಿಗೆ ಫೋಕಸ್ ಮಾಡಿದರೆ ಅದರ ಅರ್ಧ ದೂರದಿಂದ ಹಿಡಿದು ಕಣ್ಣಿಗೆ ಕಾಣುವ ಕೊನೆಯವರೆಗೆ ಎಲ್ಲವೂ ಒಪ್ಪುವಷ್ಟು ಸ್ಪಷ್ಟವಾಗಿ ಬರುತ್ತೆ. ಕಿಟ್ ಲೆನ್ಸ್ ಇರುವ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 18 ಮಿ.ಮೀ., ಎಫ್ 8 ಆದರೆ ಎರಡು ಮೀಟರ್ ಸಾಕು. ಎರಡು ಮೀಟರ್ ಅಂದರೆ ನಿಮ್ಮ ಗೆಳೆಯ ಎರಡು ದೊಡ್ಡ ಹೆಜ್ಜೆ ಮುಂದೆ ಹೋಗಿ ನಿಂತಷ್ಟು. ಅವನ ಅಂಗಿಯ ಗುಂಡಿಗೆ ಫೋಕಸ್ ಮಾಡಿ, ಆಮೇಲೆ ಅವನನ್ನು ಪಕ್ಕಕ್ಕೆ ಕಳಿಸಿ. ಫೋಕಸ್ ಬಳೆಯನ್ನು ಸುಮ್ನೆ ಕೊನೆಯವರೆಗೆ ತಿರುಗಿಸಬೇಡಿ. ತುಂಬಾ ಲೆನ್ಸುಗಳು ಅನಂತವನ್ನೂ ದಾಟಿ ಸ್ವಲ್ಪ ಮುಂದೆ ತಿರುಗುತ್ತವೆ.

ಚುಕ್ಕೆಗಳು

ಫೋಟೋ ತುಂಬ ದುಂಡನೆಯ ಬಿಳಿ ಚುಕ್ಕೆ ಬಂದಿದ್ದರೆ ಫ್ಲ್ಯಾಶ್ ಹತ್ತಿದೆ, ಇಲ್ಲವೇ ಪಕ್ಕದವರ ಟಾರ್ಚು. ಲೆನ್ಸಿನ ಹತ್ತಿರದ ಹನಿಗಳ ಮೇಲೆ ಬೆಳಕು ಬಿದ್ದು ವಾಪಸ್ ಬಂದಿದೆ. ಫ್ಲ್ಯಾಶ್ ಆರಿಸಿ, ಫೋಕಸ್ಸಿಗೆ ಸಹಾಯ ಮಾಡುವ ಆ ಕೆಂಪು ದೀಪವನ್ನೂ ಆರಿಸಿ.

ಬೂದು ಬಣ್ಣದ ಮಸುಕು ಚುಕ್ಕೆ ಎಲ್ಲ ಫೋಟೋದಲ್ಲೂ ಒಂದೇ ಜಾಗದಲ್ಲಿದ್ದರೆ ಸೆನ್ಸರಿನ ಮೇಲೆ ಧೂಳಿದೆ. ಮಂಜಿನ ಸಪಾಟು ಬಿಳಿಯಲ್ಲಿ, ಅದರಲ್ಲೂ ಎಫ್ 16ರಲ್ಲಿ ಅದು ಎದ್ದು ಕಾಣುತ್ತೆ. ಗಾಳಿ ಊದುವ ರಬ್ಬರ್ ಬುಡ್ಡೆಯಿಂದ ಊದಿ, ಬಾಯಿಂದ ಬೇಡ. ಬೆಟ್ಟದ ಮೇಲೆ ಲೆನ್ಸ್ ಬದಲಿಸಲೂ ಬೇಡಿ.

ಮಂಜಿಗೆ ಆಕಾರವೇ ಇಲ್ಲ

ಟ್ರೈಪಾಡ್ ಇಟ್ಟು ಐಎಸ್‌ಒ 100ರಲ್ಲಿ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ತೀರ ಕಡಿಮೆ ಇಟ್ಟು) ತೆಗೆದಾಗ ಈ ದೂರು ಬರುತ್ತೆ. ಬೆಳಕು ಕಡಿಮೆ ಇರುವುದರಿಂದ ಶಟರ್ ಎರಡು ಮೂರು ಸೆಕೆಂಡ್ ತೆರೆದಿರುತ್ತೆ. ಆ ಹೊತ್ತಿನಲ್ಲಿ ಮಂಜು ಹರಿದು ಹೋಗಿ ಎಳೆಗಳೆಲ್ಲ ಕಲಸಿಹೋಗುತ್ತವೆ. ಎಳೆ ಎಳೆಯಾಗಿ ಬೇಕಾದರೆ ಐಎಸ್‌ಒ 800ಕ್ಕೋ 1600ಕ್ಕೋ ಏರಿಸಿ, ಶಟರನ್ನು 1/60 ಸೆಕೆಂಡಿಗೆ ಅಥವಾ ಅದಕ್ಕಿಂತ ವೇಗಕ್ಕೆ ತನ್ನಿ. ಸಮುದ್ರದ ಹಾಗೆ ನುಣ್ಣಗೆ ಬೇಕಾದರೆ ಉಲ್ಟಾ ಹೋಗಿ, 20-30 ಸೆಕೆಂಡ್ ಬಿಡಿ. ನಡುವಿನ ಎರಡು ಮೂರು ಸೆಕೆಂಡ್ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಿದ್ದರೆ ಬಿಚ್ಚಿಡಿ. ಮಂಜನ್ನು ಅದು ಸೀಳುವುದಿಲ್ಲ, ಒಂದೂವರೆ ಎರಡು ಸ್ಟಾಪ್ ಬೆಳಕನ್ನು ಮಾತ್ರ ತಿನ್ನುತ್ತೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ). ನಂದಿಯ ಮೇಲಿನ ಟಿಪ್ಪು ಡ್ರಾಪ್ ಪ್ರಪಾತದ ಕಡೆ ಗಾಳಿ ಜೋರಿದ್ದರೆ ಟ್ರೈಪಾಡಿನ ನಡು ಕಂಬ ಎತ್ತಬೇಡಿ, ಕಾಲು ಅಗಲಿಸಿ ಕೆಳಗೆ ಕೂತು ತೆಗೆಯಿರಿ.

ಎಲ್ಲ ಸರಿ, ಮಂಜೇ ಬರಲಿಲ್ಲ

ಇದನ್ನೂ ದೋಷದ ಲೆಕ್ಕಕ್ಕೇ ಸೇರಿಸುತ್ತೇನೆ. ಯಾಕಂದ್ರೆ ಬಹಳ ಸಲ ಇದು ಅದೃಷ್ಟದ ಮಾತಲ್ಲ, ನಾವು ಆರಿಸಿದ ದಿನದ ಮಾತು.

ನಮ್ಮ ಕಡೆ ಬೆಟ್ಟದಲ್ಲಿ ಎರಡು ಬೇರೆ ಬೇರೆ ಮಂಜು ಸಿಗುತ್ತೆ. ಎರಡಕ್ಕೂ ಒಂದೇ ಹೆಸರಿಟ್ಟು ಒಂದೇ ಥರ ಕಾದರೆ ಬರಿಗೈಲಿ ವಾಪಸ್ ಬರಬೇಕಾಗುತ್ತೆ.

ಮಳೆಗಾಲದ್ದು ನಿಜವಾಗಿ ಮೋಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಒದ್ದೆ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರಿ, ತಣ್ಣಗಾಗಿ, ಮೋಡವಾಗಿ ನಿಮ್ಮ ಮೈ ಮೇಲೇ ಹಾದು ಹೋಗುತ್ತೆ. ಇದಕ್ಕೆ ಒಂದು ಸರಳ ಲೆಕ್ಕ ಇದೆ. ಕೆಳಗಿನ ಊರಿನ ಉಷ್ಣತೆಗೂ ಇಬ್ಬನಿ ಬಿಂದುವಿಗೂ ಇರುವ ಅಂತರ ನೋಡಿ, ಎರಡೂ ಮೊಬೈಲಿನ ಹವಾಮಾನದ ಆ್ಯಪಿನಲ್ಲಿ ಸಿಗುತ್ತೆ. ಒಂದು ಡಿಗ್ರಿ ಅಂತರಕ್ಕೆ ಸುಮಾರು 125 ಮೀಟರ್ ಎತ್ತರದಲ್ಲಿ ಮೋಡದ ತಳ ಇರುತ್ತೆ. ನಂದಿಯ ತುದಿ 1478 ಮೀಟರ್, ಚಿಕ್ಕಬಳ್ಳಾಪುರ ಊರು ಅದಕ್ಕಿಂತ ಸುಮಾರು 550 ಮೀಟರ್ ಕೆಳಗಿದೆ. ಅಂದರೆ ಊರಿನಲ್ಲಿ ಅಂತರ ನಾಲ್ಕು ಡಿಗ್ರಿಯೊಳಗಿದ್ದರೆ ಬೆಟ್ಟದ ತಲೆ ಮೋಡದೊಳಗಿರುವ ಸಾಧ್ಯತೆ ಜಾಸ್ತಿ. ತುಮಕೂರಿನ ದೇವರಾಯನದುರ್ಗ ಸ್ವಲ್ಪ ಗಿಡ್ಡ, ಅಲ್ಲಿಗೆ ಅಂತರ ಮೂರು ಡಿಗ್ರಿಯೊಳಗೆ ಇರಬೇಕು. ಐದಾರು ಡಿಗ್ರಿ ಇದ್ದ ದಿನ ಯೋಗಾನರಸಿಂಹನ ದರ್ಶನ ಮಾಡಿಕೊಂಡು ಬರಬಹುದು, ಮೋಡ ಕಾಯುವುದು ಬೇಡ.

ಚಳಿಗಾಲದ್ದು ಬೇರೆ. ಅದು ನೆಲದಿಂದ ಹುಟ್ಟುವ ಮಂಜು. ರಾತ್ರಿ ನೆಲ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಕೆರೆ ಬಯಲು ತಗ್ಗುಗಳಲ್ಲಿ ಮಂಜು ತುಂಬಿಕೊಳ್ಳುತ್ತೆ. ನೀವು ಬೆಟ್ಟದ ಮೇಲಿದ್ದರೆ ಅದು ಕಾಲ ಕೆಳಗೆ ಕಾಣುತ್ತೆ. ಹಿಂಡು ಹಿಂಡು ಜನ ಸ್ಕಂದಗಿರಿಗೆ ಹೋಗುವುದು ಈ ದೃಶ್ಯ ನೋಡಲು. ಇದರ ಗುರುತನ್ನು ನನಗೆ ಕಲಿಸಿದ್ದು ನಂದಿಯ ಬುಡದ ಒಬ್ಬ ದ್ರಾಕ್ಷಿ ಬೆಳೆಗಾರರು. ಮಂಜು ಬಂದರೆ ಎಲೆ ಒದ್ದೆಯಾಗಿ ಡೌನಿ ರೋಗ ಬರುತ್ತೆ, ಔಷಧಿ ಹೊಡೆಯಬೇಕು. ಹಾಗಾಗಿ ನಮಗಿಂತ ಜಾಸ್ತಿ ಆಕಾಶ ನೋಡುವವರು ಅವರು. ಒಂದು ಸಂಜೆ ತೋಟದ ಬದುವಿನ ಮೇಲೆ ನಿಂತು, "ನಾಳೆ ಮಂಜು ಬೀಳುತ್ತಾ ಅಣ್ಣ?" ಅಂತ ಕೇಳಿದೆ.

"ರಾತ್ರಿ ಚುಕ್ಕಿ ಎಣಿಸೋ ಹಂಗೆ ಕಾಣಬೇಕು ಕಣಪ್ಪ, ಎಲೆ ಅಲ್ಲಾಡಬಾರದು, ನೆಲ ಹಸಿ ಇರಬೇಕು. ಅಂಥ ದಿನ ಬೆಳಿಗ್ಗೆ ನನ್ನ ತೋಟನೇ ನನಗೆ ಕಾಣಲ್ಲ" ಅಂದರು.

ಮೂರೂ ಬೇಕು. ಮೋಡ ಇದ್ದರೆ ನೆಲದ ಶಾಖ ಹೊರಗೆ ಹೋಗುವುದಿಲ್ಲ. ಗಾಳಿ ಇದ್ದರೆ ತಣ್ಣನೆಯ ಪದರ ಕಲಸಿಹೋಗುತ್ತೆ. ನೆಲ ಒಣಗಿದ್ದರೆ ಆವಿಗೆ ನೀರಿಲ್ಲ. ಮಳೆ ಬಂದು ಹೋದ ಮಾರನೇ ರಾತ್ರಿ ಆಕಾಶ ತೆರೆದುಕೊಂಡರೆ ನಾನು ಅಲಾರಾಂ ಇಡುತ್ತೇನೆ. ಅದೊಂದೇ ದಿನಕ್ಕಾಗಿ ನವೆಂಬರ್ ಪೂರ್ತಿ ಕಾದದ್ದೂ ಇದೆ.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಬೇಗ ಇಳಿದುಬಿಡುವುದು. ಜನವರಿ ಕೊನೆಗೆ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ. ಏಳು ಗಂಟೆಗೆ ಕೆಳಗಿದ್ದ ಮಂಜು ಎದ್ದು ಬಂದು ಬೆಟ್ಟವನ್ನೇ ಮುಚ್ಚುತ್ತೆ. ಎಲ್ಲ ಹಾಳಾಯ್ತು ಅಂತ ಅರ್ಧ ಜನ ಕಾರು ಹತ್ತುತ್ತಾರೆ. ನೆಲ ಬಿಸಿಯಾಗುತ್ತಾ ಮಂಜು ಮೇಲೇಳುವ ಹೊತ್ತದು. ಅರ್ಧ ಗಂಟೆ, ಮುಕ್ಕಾಲು ಗಂಟೆ ಕಾಯಿರಿ. ಅದು ಹರಿದು ಚೂರು ಚೂರಾಗುವಾಗ ಒಂದು ಕಿಂಡಿಯಲ್ಲಿ ಸ್ಕಂದಗಿರಿಯ ನೆತ್ತಿ, ಇನ್ನೊಂದರಲ್ಲಿ ಹೊಲದ ತುಂಡು ಕಾಣುತ್ತೆ. ನನ್ನ ಒಳ್ಳೆಯ ಫೋಟೋಗಳೆಲ್ಲ ಆ ಹೊತ್ತಿನವು. ಕಾಯುವಾಗ ಪರದೆ ಆರಿಸಿಡಿ, ಬ್ಯಾಟರಿ ತಿನ್ನುವುದು ಅದೇ. ಇನ್ನೊಂದು ಬ್ಯಾಟರಿ ಒಳ ಜೇಬಿನಲ್ಲಿರಲಿ.

ದೋಷದ ಹಾಗೆ ಕಾಣುವ, ಆದರೆ ದೋಷವಲ್ಲದ್ದು

ಸೂರ್ಯ ಬೆನ್ನ ಹಿಂದಿದ್ದು ಮಂಜು ಕೆಳಗಿದ್ದಾಗ ನಿಮ್ಮ ನೆರಳು ಮಂಜಿನ ಮೇಲೆ ಬೀಳುತ್ತೆ, ನೆರಳಿನ ತಲೆಯ ಸುತ್ತ ಬಣ್ಣದ ಬಳೆ ಕಾಣುತ್ತೆ. ಲೆನ್ಸಿನ ಫ್ಲೇರ್ ಅಂತ ಅಳಿಸಬೇಡಿ. ಹನಿಗಳು ಬೆಳಕನ್ನು ಹಿಂದಕ್ಕೆ ಕಳಿಸಿ ಮಾಡುವ ಚಿತ್ರ ಅದು. ಪಕ್ಕದಲ್ಲಿ ನಿಂತವರಿಗೆ ಬಳೆ ಅವರ ತಲೆಯ ಸುತ್ತಲೇ ಕಾಣುತ್ತೆ, ನಿಮ್ಮ ತಲೆಯ ಸುತ್ತ ಅಲ್ಲ. ಒಮ್ಮೊಮ್ಮೆ ಅದರಾಚೆ ದೊಡ್ಡದೊಂದು ಬಿಳಿ ಕಮಾನೂ ಬರುತ್ತೆ. ಕಾಮನಬಿಲ್ಲಿನದೇ ತಮ್ಮ ಅನ್ನಿ. ಮಂಜಿನ ಹನಿ ಮಳೆಹನಿಗಿಂತ ತೀರ ಚಿಕ್ಕದಾದ್ದರಿಂದ ಬಣ್ಣಗಳು ಒಂದರ ಮೇಲೊಂದು ಹರಡಿ ಬೆಳ್ಳಗಾಗುತ್ತವೆ. ಕಂಡರೆ ಅಗಲದ ಲೆನ್ಸ್ ಬೇಕು, ಅರ್ಧ ಆಕಾಶ ಹಿಡಿಯುತ್ತೆ.

ಮನೆಗೆ ಬಂದ ಮೇಲೆ

ಚಳಿಗಾಲದಲ್ಲಿ ತಣ್ಣಗಾದ ಕ್ಯಾಮೆರಾವನ್ನು ಅಡಿಗೆ ಮನೆಯ ಪಕ್ಕದ ಬೆಚ್ಚನೆಯ ಕೋಣೆಗೆ ತಂದು ಬ್ಯಾಗು ತೆರೆದರೆ ಮತ್ತೆ ಹಬೆ ಹಿಡಿಯುತ್ತೆ. ಕಾರ್ಡ್ ತೆಗೆಯುವ ಆಸೆಗೆ ಆ ತಪ್ಪು ತುಂಬ ಜನ ಮಾಡುತ್ತಾರೆ. ಕಾರ್ಡನ್ನು ಬೆಟ್ಟದಲ್ಲೇ ತೆಗೆದು ಜೇಬಿಗೆ ಹಾಕಿಕೊಳ್ಳಿ, ಬ್ಯಾಗನ್ನು ಒಂದು ಗಂಟೆ ಮುಚ್ಚಿಯೇ ಇಡಿ. ಆಮೇಲೆ ಎಲ್ಲವನ್ನೂ ಹೊರಗೆ ತೆಗೆದು ಒಣಗಲು ಬಿಡಿ. ಒದ್ದೆ ಪಟ್ಟಿ, ಒದ್ದೆ ಬ್ಯಾಗಿನ ಸಮೇತ ಬೀರುವಿನಲ್ಲಿಟ್ಟರೆ ಲೆನ್ಸಿನೊಳಗೆ ಬೂಷ್ಟು ಬೆಳೆಯುತ್ತೆ. ಟಾರ್ಚ್ ಬಿಟ್ಟು ನೋಡಿದಾಗ ಜೇಡರ ಬಲೆಯ ಹಾಗೆ ಎಳೆಗಳು ಕಂಡರೆ ಅದೇ. ಅಕ್ಕಿಯ ಡಬ್ಬಕ್ಕೆ ಹಾಕಬೇಡಿ, ಹಿಟ್ಟಿನ ಪುಡಿ ಸಂದುಗಳಿಗೆ ಸೇರುತ್ತೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಪುಟ್ಟ ಮೀಟರ್. ಮುಳ್ಳು ಶೇಕಡಾ 40ರಿಂದ 50ರ ನಡುವೆ ನಿಂತಿರಲಿ. ಜೆಲ್ಲಿನ ಬಣ್ಣ ಬದಲಾದರೆ ಬಿಸಿ ಮಾಡಿ, ಒಣಗಿಸಿ, ತಣ್ಣಗಾದ ಮೇಲೆ ಮತ್ತೆ ಒಳಗಿಡಿ.